ಲಾಗೌಟ್ ಆದವರನ್ನೂ ಒಳಗೆ ಬಿಡದ ಸೆಷನ್ ಮಿತಿ: ಸ್ಪ್ರಿಂಗ್ ಸೆಕ್ಯೂರಿಟಿ ಬಳಸುವವರು ನೋಡಿಕೊಳ್ಳಿ

ಜಾವಾ ಆಪ್‌ಗಳ ಲಾಗಿನ್ ನೋಡಿಕೊಳ್ಳುವ ಲೈಬ್ರರಿ ಸ್ಪ್ರಿಂಗ್ ಸೆಕ್ಯೂರಿಟಿಯಲ್ಲಿ 'ಒಬ್ಬರಿಗೆ ಒಂದೇ ಲಾಗಿನ್' ಅಂತ ಮಿತಿ ಹಾಕಿ, ಎರಡನೇ ಲಾಗಿನ್ ತಡೆಯುವ ಆಯ್ಕೆಯನ್ನೂ ಇಟ್ಟಿದ್ದೀರಾ? ಹಾಗಾದರೆ ಸೆಷನ್ (ಒಬ್ಬರ ಒಂದು ಲಾಗಿನ್‌ನ ಅವಧಿ) ಮುಗಿದ ಸುದ್ದಿ ಕೊಡುವ ಎಚ್‌ಟಿಟಿಪಿ ಸೆಷನ್ ಇವೆಂಟ್ ಪಬ್ಲಿಷರ್ (HttpSessionEventPublisher) ನಿಮ್ಮ ಕೋಡ್‌ನಲ್ಲಿ ಇದೆಯಾ ಅಂತ ಇವತ್ತೇ ಹುಡುಕಿ.

ಸಾಲ ಕೊಡುವ ಸಂಸ್ಥೆಯೊಂದರ ಆಪ್ ನಮ್ಮ ತಂಡದ ಕೈಗೆ ಬಂತು. ಬರೆದವರು ಬೇರೆ ಕಂಪನಿಯವರು. ಆಪ್‌ನ ಸೆಟ್ಟಿಂಗ್‌ಗಳಿದ್ದ ಹಳೆಯ ವೆಬ್ ಎಕ್ಸ್‌ಎಂಎಲ್ (web.xml) ಫೈಲ್ ತೆಗೆದು, ಆ ಫೈಲ್ ಬೇಡದ ಸ್ಪ್ರಿಂಗ್ ಬೂಟ್‌ಗೆ ಬದಲಾಯಿಸಿದ್ದರು. ಆ ಫೈಲ್‌ನಲ್ಲಿ ಲಿಸನರ್ (ಸರ್ವರ್ ಹೇಳುವುದನ್ನು ಕೇಳಿಸಿಕೊಳ್ಳುವ ಕೋಡ್) ಆಗಿದ್ದ ಈ ಪಬ್ಲಿಷರ್ ಮಾತ್ರ ಹೊಸ ಕೋಡ್‌ಗೆ ಬಂದಿರಲಿಲ್ಲ. ಕೋಡ್ ಕಂಪೈಲ್ ಆಗುತ್ತದೆ, ಸರ್ವರ್ ಏಳುತ್ತದೆ, ತಪ್ಪು ಎಲ್ಲೂ ಕಾಣುವುದಿಲ್ಲ. ಆದರೆ ಕೌಂಟರ್‌ನವರು ಊಟಕ್ಕೆ ಲಾಗೌಟ್ ಮಾಡಿ ಹೋಗಿ ವಾಪಸ್ ಬಂದರೆ ಒಳಗೆ ಹೋಗಲು ಆಗುತ್ತಿರಲಿಲ್ಲ. ಸೆಷನ್ ಮಿತಿ ಮೀರಿದೆ ಅನ್ನುತ್ತಿತ್ತು. ಎದುರಿಗೆ ಕಂತು ಕಟ್ಟಲು ಬಂದವರ ಸಾಲು. "ನಾನು ಬೇರೆ ಎಲ್ಲೂ ಲಾಗಿನ್ ಆಗಿಲ್ಲ ಸರ್" ಅಂದ ಹುಡುಗಿಗೆ ಮ್ಯಾನೇಜರ್ ಪಾಸ್‌ವರ್ಡ್ ಯಾರಿಗೆ ಕೊಟ್ಟೆ ಅಂತ ಎಲ್ಲರ ಮುಂದೆ ಗದರಿದರು. ಅವಳು ಹೇಳಿದ್ದು ನಿಜ. ಸುಳ್ಳು ಹೇಳುತ್ತಿದ್ದದ್ದು ಆಪ್.

ಒಳಗೆ ನಡೆಯುವುದು ಇಷ್ಟು. ಸೆಷನ್ ಹುಟ್ಟಿಸುವುದು, ಸಾಯಿಸುವುದು ಆಪ್ ಓಡಿಸುವ ಸರ್ವರ್ ಆದ ಟಾಮ್‌ಕ್ಯಾಟ್ ಕೆಲಸ. ಯಾರ ಹೆಸರಲ್ಲಿ ಎಷ್ಟು ಸೆಷನ್ ಇವೆ ಅನ್ನುವ ಲೆಕ್ಕ ಸ್ಪ್ರಿಂಗ್‌ನ ಸೆಷನ್ ರಿಜಿಸ್ಟ್ರಿಯದು. ಇಬ್ಬರ ನಡುವೆ ಸುದ್ದಿ ಮುಟ್ಟಿಸುವುದೇ ಆ ಪಬ್ಲಿಷರ್. ಅದಿಲ್ಲದಿದ್ದರೆ ಲಾಡ್ಜ್‌ನಲ್ಲಿ ರೂಮ್ ಖಾಲಿಯಾದರೂ ರಿಜಿಸ್ಟರ್‌ನಲ್ಲಿ ಹೆಸರು ಹಾಗೇ ಇದ್ದಂತೆ. ಲಾಗೌಟ್ ಮಾಡಿದರೂ ಅಷ್ಟೇ, ಟೈಮ್‌ಔಟ್ ಆದರೂ ಅಷ್ಟೇ. ರಿಜಿಸ್ಟ್ರಿ ಇರುವುದು ಮೆಮೊರಿಯಲ್ಲಿ, ಹಾಗಾಗಿ ಸರ್ವರ್ ರೀಸ್ಟಾರ್ಟ್ ಮಾಡಿದರೆ ಎಲ್ಲ ಸರಿಹೋದಂತೆ ಕಾಣುತ್ತದೆ. ಆ ಸಂಸ್ಥೆಯವರೂ ಅದನ್ನೇ ಮಾಡುತ್ತಿದ್ದರು. ಅರ್ಧ ತುಂಬಿದ ಅರ್ಜಿಗಳೆಲ್ಲ ಹೋಗುತ್ತಿದ್ದವು, ಕಾರಣ ಮಾತ್ರ ಯಾರೂ ಹುಡುಕಿರಲಿಲ್ಲ.

ಪಬ್ಲಿಷರ್ ಅನ್ನು ಒಂದು ಬೀನ್ (ಸ್ಪ್ರಿಂಗ್ ತಾನೇ ನೋಡಿಕೊಳ್ಳುವ ಆಬ್ಜೆಕ್ಟ್) ಆಗಿ ಸೇರಿಸಿದರೆ ಸಾಕು, ಸ್ಪ್ರಿಂಗ್ ಬೂಟ್ ತಾನೇ ಲಿಸನರ್ ಮಾಡಿಕೊಳ್ಳುತ್ತದೆ. ಆದರೆ ಅಲ್ಲಿಗೇ ನಿಲ್ಲಬೇಡಿ. ಬ್ರೌಸರ್ ಮುಚ್ಚಿದ್ದು ಸರ್ವರ್‌ಗೆ ಗೊತ್ತೇ ಆಗುವುದಿಲ್ಲ. ಟೈಮ್‌ಔಟ್ ಬದಲಾಯಿಸದಿದ್ದರೆ 30 ನಿಮಿಷ ಆ ಸೆಷನ್ ಬದುಕಿರುತ್ತದೆ. ಕಂಪ್ಯೂಟರ್ ಹ್ಯಾಂಗ್ ಆದವರು ಅಷ್ಟು ಹೊತ್ತು ಹೊರಗೆ ಕೂರಬೇಕಾ? ಅದಕ್ಕೇ ನಾನು ಹೇಳುವುದು, ಹೊಸ ಲಾಗಿನ್ ತಡೆಯುವ ಆಯ್ಕೆಯನ್ನೇ ತೆಗೆದುಹಾಕಿ. ಸ್ಪ್ರಿಂಗ್ ತಾನಾಗಿ ಮಾಡುವುದು ಹೊಸ ಲಾಗಿನ್ ಅನ್ನು ಒಳಗೆ ಬಿಟ್ಟು ಹಳೆಯ ಸೆಷನ್ ಕೊನೆಗೊಳಿಸುವುದು. ಅದೇ ಒಳ್ಳೆಯದು. ಎರಡು ಸರ್ವರ್ ಇದ್ದರೆ ಎರಡಕ್ಕೂ ಬೇರೆ ಬೇರೆ ರಿಜಿಸ್ಟ್ರಿ, ಒಂದರ ಲೆಕ್ಕ ಇನ್ನೊಂದಕ್ಕೆ ಗೊತ್ತಿರುವುದಿಲ್ಲ ಅನ್ನುವುದೂ ನೆನಪಿರಲಿ. ನಿಮ್ಮದೇ ಯೂಸರ್ ಕ್ಲಾಸ್ ಬರೆದಿದ್ದರೆ, ಎರಡೂ ಲಾಗಿನ್ ಒಬ್ಬರದೇನಾ ಅಂತ ಹೋಲಿಸಲು ಬೇಕಾದ ಈಕ್ವಲ್ಸ್, ಹ್ಯಾಶ್‌ಕೋಡ್ ಎರಡೂ ಬರೆಯಿರಿ. ಇಲ್ಲದಿದ್ದರೆ ಮಿತಿ ಕೆಲಸವೇ ಮಾಡುವುದಿಲ್ಲ.

ನನಗೆ ಜಾಸ್ತಿ ಸಿಟ್ಟು ಬಂದದ್ದು ಇನ್ನೊಂದಕ್ಕೆ. ಸೆಷನ್ ಮುಗಿದ ಸಮಯವನ್ನೇ ಸಿಬ್ಬಂದಿ ಕೆಲಸ ಮುಗಿಸಿದ ಸಮಯ ಅಂತ ಹಾಜರಿಗೆ ಬಳಸುತ್ತಿದ್ದರು. ಟೈಮ್‌ಔಟ್ ಆದರೆ ಆ ಸಮಯ ಕೊನೆಯ ಕ್ಲಿಕ್‌ನಿಂದ ಅರ್ಧ ಗಂಟೆ ಆಚೆ ಇರುತ್ತದೆ. ನೋಟಿಫಿಕೇಶನ್‌ಗಾಗಿ ಪುಟ ತಾನಾಗಿ ಸರ್ವರ್ ಕೇಳುತ್ತಿದ್ದರೆ, ತೆರೆದಿಟ್ಟ ಟ್ಯಾಬ್‌ನ ಸೆಷನ್ ರಾತ್ರಿಯಿಡೀ ಮುಗಿಯುವುದಿಲ್ಲ. ಪ್ರೋಸೆಸ್ಸನ್ನು ಬಲವಂತವಾಗಿ ಕೊಂದರೆ ಲಿಸನರ್ ಓಡುವುದೇ ಇಲ್ಲ, ಮುಗಿದ ಸಮಯವೇ ದಾಖಲಾಗುವುದಿಲ್ಲ. ಇಂಥ ಲೆಕ್ಕದ ಮೇಲೆ ಒಬ್ಬರ ಸಂಬಳ ನಿರ್ಧರಿಸುವುದು ಅನ್ಯಾಯ ಅಲ್ವಾ? ನಿಮ್ಮಲ್ಲಿ ಯಾರಾದರೂ ಈ ವರದಿ ಕೇಳಿದರೆ, ಕೊಡಬೇಡಿ.

ಪಬ್ಲಿಷರ್ ಕೆಲಸ ಮಾಡುತ್ತಿದೆಯಾ ಅನ್ನುವ ಪರೀಕ್ಷೆ ಸುಲಭ. ಹೊಸ ಲಾಗಿನ್ ತಡೆಯುವ ಆಯ್ಕೆ ಇಟ್ಟುಕೊಂಡೇ ಮಾಡಿ. ಸೆಷನ್ ಟೈಮ್‌ಔಟ್ 1 ನಿಮಿಷಕ್ಕೆ ಇಳಿಸಿ. ಲಾಗಿನ್ ಆಗಿ, ಲಾಗೌಟ್ ಆಗಿ, ಮತ್ತೆ ಲಾಗಿನ್ ಆಗಿ. ಆಮೇಲೆ ಲಾಗೌಟ್ ಮಾಡದೆ ಬ್ರೌಸರ್ ಮುಚ್ಚಿ, 3 ನಿಮಿಷ ಬಿಟ್ಟು ಬೇರೆ ಬ್ರೌಸರ್‌ನಿಂದ ಬನ್ನಿ. ಎರಡು ಸಲವೂ ಒಳಗೆ ಬಿಟ್ಟರೆ ಸರಿ. ಟಾಮ್‌ಕ್ಯಾಟ್ ಅವಧಿ ಮುಗಿದ ಸೆಷನ್‌ಗಳನ್ನು ಸುಮಾರು ನಿಮಿಷಕ್ಕೊಮ್ಮೆ ತೆಗೆಯುತ್ತದೆ, ಅದಕ್ಕೇ ಆ ಹೆಚ್ಚಿನ ಸಮಯ.