ಮಾನವ ಹಕ್ಕುಗಳ ಆಯೋಗದ ಆನ್‌ಲೈನ್ ಇಂಟರ್ನ್‌ಶಿಪ್: ಕಲಬುರಗಿ ಕಡೆಯವರಿಗೆ ಎಷ್ಟು ಉಪಯೋಗ?

ದುಡ್ಡು ಕಟ್ಟಿಸಿಕೊಂಡು ‘ಯುವ ಘಟಕದ ಅಧ್ಯಕ್ಷ’ ಎಂಬ ಐಡಿ ಕಾರ್ಡು, ಕಾರಿಗೆ ಹಚ್ಚುವ ‘ಮಾನವ ಹಕ್ಕು’ ಸ್ಟಿಕ್ಕರ್ ಕೊಡುವವರು ನಮ್ಮ ಕಡೆಯೂ ಇದ್ದಾರೆ. ಆ ಕಾರ್ಡಿಗೆ ಕಾನೂನಿನಲ್ಲಿ ಮೂರು ಕಾಸಿನ ಬೆಲೆಯಿಲ್ಲ. ಅದರ ಬದಲು ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗದ ಎರಡು ವಾರದ ಆನ್‌ಲೈನ್ ಇಂಟರ್ನ್‌ಶಿಪ್ ನೋಡಬಹುದು. ಪೂರ್ತಿ ಮುಗಿಸಿದವರಿಗೆ ಆಯೋಗವೇ ₹2,000 ಕೊಡುತ್ತದೆ.

ಪದವಿಯ ಮೂರನೇ ವರ್ಷಕ್ಕೆ ಬಂದವರು, ಸ್ನಾತಕೋತ್ತರದವರು ಅರ್ಜಿ ಹಾಕಬಹುದು. ಪಿಯುಸಿಯಿಂದ ಈಚೆಗೆ ಶೇ. 60 ಅಂಕ ಬೇಕು. ಅರ್ಜಿ ಸಾವಿರಾರು ಬರುತ್ತವೆ, ಒಂದು ತಂಡಕ್ಕೆ ಸೇರುವವರು ನೂರರೊಳಗೆ. ಎಡವುವುದು ಹೆಚ್ಚಾಗಿ ಕಾಗದಪತ್ರದಲ್ಲಿ: ವಿಭಾಗದ ಮುಖ್ಯಸ್ಥರ ಶಿಫಾರಸು ಪತ್ರಕ್ಕೆ ಮೊಹರು ಇರುವುದಿಲ್ಲ, ಸಿಜಿಪಿಎಯನ್ನು ಶೇಕಡಾವಾರಿಗೆ ಇಳಿಸಿರುವುದಿಲ್ಲ. ಏಕೆ ಸೇರಬೇಕೆಂದು ಬರೆಯುವ ಉದ್ದೇಶಪತ್ರದಲ್ಲಿ ‘ಸಮಾಜಸೇವೆ ಮಾಡುವಾಸೆ’ ಎಂದು ಬರೆದರೆ ಗುಂಪಿನಲ್ಲಿ ಗೋವಿಂದ. ತೊಗರಿ ರಾಶಿ ಮುಗಿದ ಮೇಲೆ ಮುಂಬೈ, ಹೈದರಾಬಾದಿಗೆ ಗುಳೆ ಹೋಗುವ ಮನೆಗಳ ಮಕ್ಕಳ ಹಾಜರಾತಿ ಏನಾಗುತ್ತದೆ ಎಂದು ಬರೆಯಿರಿ, ಓದುವವರ ಕಣ್ಣು ಅಲ್ಲಿ ನಿಲ್ಲುತ್ತದೆ.

ಒಳಗಿನ ಸರಕು ಗಟ್ಟಿ. ಪೊಲೀಸ್, ಜೈಲು, ಮಹಿಳೆ, ಮಕ್ಕಳು, ಅಂಗವಿಕಲರ ಹಕ್ಕು ಹೀಗೆ ವಿಷಯವಾರು ತಜ್ಞರ ಉಪನ್ಯಾಸ. ಗುಂಪು ಸಂಶೋಧನೆ, ಪುಸ್ತಕ ವಿಮರ್ಶೆ, ಭಾಷಣ ಸ್ಪರ್ಧೆ. ತಿಹಾರ್ ಜೈಲನ್ನು ಪರದೆಯ ಮೇಲೆ ತೋರಿಸುತ್ತಾರೆ. ಕಲಬುರಗಿಯಲ್ಲೇ ಕೇಂದ್ರ ಕಾರಾಗೃಹ ಇದೆಯಲ್ಲ, ಅದರ ಸುದ್ದಿ ಬರುವುದಿಲ್ಲ ಅನ್ನುವುದು ಬೇರೆ ಮಾತು. ದೊಡ್ಡ ತೊಡಕು ಭಾಷೆ. ಎಲ್ಲ ಇಂಗ್ಲಿಷ್, ಹಿಂದಿ. ಕನ್ನಡ ಮಾಧ್ಯಮದಿಂದ ಬಂದವರು ಗುಂಪು ಚರ್ಚೆಯಲ್ಲಿ ಬಾಯಿ ಬಿಡುವಷ್ಟರಲ್ಲಿ ಸಮಯ ಮುಗಿದಿರುತ್ತದೆ. ಹಳ್ಳಿಯಲ್ಲಿ ಕರೆಂಟು, ನೆಟ್‌ವರ್ಕ್ ನಂಬಿ ಕೂರಬೇಡಿ. ಆ ಎರಡು ವಾರ ಕಾಲೇಜಿನ ಲ್ಯಾಬ್ ಹಿಡಿಯಿರಿ.

ಇದರಿಂದ ಮುಂದಾಳತ್ವ ಬರುತ್ತದೆಯೇ? ಬರುವುದಿಲ್ಲ. ಯಾವ ಬಾಗಿಲು ಎಲ್ಲಿದೆ ಎಂದು ಗೊತ್ತಾಗುತ್ತದೆ, ತಟ್ಟುವುದು ಊರಿಗೆ ಬಂದ ಮೇಲೆ. ಉದಾಹರಣೆಗೆ ಆಯೋಗಕ್ಕೆ ದೂರು. ನೊಂದವರ ಪರವಾಗಿ ಯಾರೂ ಕೊಡಬಹುದು, ಶುಲ್ಕವಿಲ್ಲ, ಕನ್ನಡದಲ್ಲೇ ಬರೆದರೂ ನಡೆಯುತ್ತದೆ. ಆಯೋಗದ ದೂರು ಜಾಲತಾಣ ಎಚ್‌ಆರ್‌ಸಿನೆಟ್‌ನಲ್ಲಿ ಹಾಕಿದರೆ ಡೈರಿ ನಂಬರು ಸಿಗುತ್ತದೆ. ನೊಂದವರ ಹೆಸರು, ಊರು, ತಾರೀಖು, ಯಾವ ಇಲಾಖೆಯ ಯಾರು ಏನು ಮಾಡಿದರು ಅಥವಾ ಮಾಡಲಿಲ್ಲ, ಇಷ್ಟು ಸಾಕು. ಬಿದ್ದುಹೋಗುವ ದೂರುಗಳ ಕತೆ ಬೇರೆ: ಘಟನೆ ನಡೆದು ಒಂದು ವರ್ಷ ದಾಟಿರುತ್ತದೆ, ಹೆಸರೇ ಇರುವುದಿಲ್ಲ, ಹೊಲದ ಬದುವಿನ ಜಗಳ ಅಥವಾ ನೌಕರಿಯ ತಕರಾರು ಆಗಿರುತ್ತದೆ. ರಾಜ್ಯ ಆಯೋಗ ಕೈಗೆತ್ತಿಕೊಂಡ ಪ್ರಕರಣವನ್ನೇ ದಿಲ್ಲಿಯ ರಾಷ್ಟ್ರೀಯ ಆಯೋಗಕ್ಕೂ ಕಳಿಸುವವರು ಬಹಳ. 1993ರ ಮಾನವ ಹಕ್ಕುಗಳ ಸಂರಕ್ಷಣಾ ಕಾಯ್ದೆಯ 36ನೇ ಕಲಂ ಪ್ರಕಾರ ದಿಲ್ಲಿಯವರು ಅದನ್ನು ಮುಟ್ಟುವಂತಿಲ್ಲ. ಗೆದ್ದರೂ ಆಯೋಗ ಮಾಡುವುದು ಶಿಫಾರಸು, ಆದೇಶವಲ್ಲ.

ದೂರು ಗಟ್ಟಿಯಾಗಬೇಕಾದರೆ ಮೊದಲೇ ದಾಖಲೆ ಕೈಯಲ್ಲಿದ್ದರೆ ಒಳ್ಳೆಯದು. ಅದಕ್ಕೆ ಮಾಹಿತಿ ಹಕ್ಕು ಅರ್ಜಿ: ಶುಲ್ಕ ₹10, ಬಿಪಿಎಲ್‌ನವರಿಗೆ ಅದೂ ಇಲ್ಲ. ಕರ್ನಾಟಕದ ನಿಯಮದಂತೆ ಒಂದು ಅರ್ಜಿಗೆ ಒಂದೇ ವಿಷಯ, 150 ಪದದ ಮಿತಿ. ‘ಹಾಸ್ಟೆಲ್‌ನಲ್ಲಿ ಅನ್ಯಾಯ ಏಕೆ?’ ಎಂದು ಕೇಳಿದರೆ ಉತ್ತರ ಬರುವುದಿಲ್ಲ. ‘ಮಂಜೂರಾದ ಮಕ್ಕಳು ಎಷ್ಟು, ಇರುವವರು ಎಷ್ಟು, ಬಳಕೆಯಲ್ಲಿರುವ ಶೌಚಾಲಯ ಎಷ್ಟು, ದಾಖಲೆಯ ಪ್ರತಿ ಕೊಡಿ’ ಎಂದು ಕೇಳಬೇಕು. 30 ದಿನಕ್ಕೆ ಉತ್ತರ ಬಾರದಿದ್ದರೆ ಮುಂದಿನ 30 ದಿನದೊಳಗೆ ಮೊದಲ ಮೇಲ್ಮನವಿ. ಆ ತಾರೀಖನ್ನು ಅರ್ಜಿ ಹಾಕಿದ ದಿನವೇ ಕ್ಯಾಲೆಂಡರಿನಲ್ಲಿ ಗುರುತು ಹಾಕಿಡಿ.

ಒಟ್ಟಿನಲ್ಲಿ ಈ ಇಂಟರ್ನ್‌ಶಿಪ್‌ಗೆ ಐದಕ್ಕೆ ಮೂರೂವರೆ ಅಂಕ. ಕನ್ನಡದಲ್ಲಿ ಒಂದು ತಂಡ ನಡೆಸಿದರೆ ಇನ್ನೊಂದು ಅಂಕ ಕೊಡಲು ಅಡ್ಡಿಯಿಲ್ಲ.