ಮದ್ದು ಬಿಡುವ ಪೆಟ್ರೋಲ್ ಎಂಜಿನ್: ಆರೇಳು ಮಳೆಗಾಲ ಬಳಸಿದ ಮೇಲೆ

ಕಾರ್ಕಳದ ಹತ್ತಿರ ನಮ್ಮದು ಸಣ್ಣ ಅಡಿಕೆ ತೋಟ. ಮದ್ದು ಬಿಡಲಿಕ್ಕೆ, ಅಂದರೆ ಅಡಿಕೆಗೆ ಸಿಂಪಡಿಸಲಿಕ್ಕೆ, ಇರುವುದು 163 ಸಿಸಿಯ ನಾಲ್ಕು ಸ್ಟ್ರೋಕ್ ಪೆಟ್ರೋಲ್ ಎಂಜಿನ್. ಅದಕ್ಕೆ ಮದ್ದನ್ನು ಒತ್ತಡದಿಂದ ತಳ್ಳುವ, ಬೆಲ್ಟಿನಲ್ಲಿ ಓಡುವ ಎಚ್‌ಟಿಪಿ ಪಂಪು. ಕಂಪನಿ ಹೆಸರು ಬೇಡ, ಈ ಅಳತೆಯ ಎಂಜಿನ್‌ಗಳು ಒಳಗೆ ಹೆಚ್ಚುಕಮ್ಮಿ ಒಂದೇ ತರ.

ಕೆಲಸದಲ್ಲಿ ದೂರುವಂಥದ್ದಿಲ್ಲ. ಪೈಪಿಗೆ ದೋಟಿ (ಉದ್ದದ ಕೋಲು) ಕಟ್ಟಿ ನೆಲದಿಂದ ಬಿಟ್ಟರೂ ಮೈಲುತುತ್ತು-ಸುಣ್ಣದ ಬೋರ್ಡೋ ದ್ರಾವಣ ಗೊನೆಗೆ ಮುಟ್ಟುತ್ತದೆ. ಶಬ್ದ ಜಾಸ್ತಿ. ಗುಡ್ಡೆಯಿಂದ ತೋಟಕ್ಕೆ ಇಳಿಸಲು ಇಬ್ಬರು ಬೇಕು.

ತೊಂದರೆ ಇರುವುದು ಇದು ಓಡದ ದಿನಗಳಲ್ಲಿ. ಮೇ ಕೊನೆಯ ಪತ್ತನಾಜೆ ಆಸುಪಾಸಿನಲ್ಲಿ ಒಮ್ಮೆ, ಆಟಿ ತಿಂಗಳ (ಜುಲೈ-ಆಗಸ್ಟ್) ಬಿಸಿಲು ನೋಡಿ ಇನ್ನೊಮ್ಮೆ ಮದ್ದು. ಉಳಿದ ಕಾಲವೆಲ್ಲ ಕೊಟ್ಟಿಗೆಯ ಮೂಲೆ. ಸಿಲಿಂಡರಿಗೆ ಗಾಳಿ ಬಿಡುವ ವಾಲ್ವ್ ತೆರೆದ ಜಾಗದಲ್ಲಿ ಎಂಜಿನ್ ನಿಂತಿದ್ದರೆ ನಮ್ಮ ಕರಾವಳಿಯ ತೇವ ಸೀದಾ ಸಿಲಿಂಡರಿನೊಳಗೆ. ಸಿಲಿಂಡರಿನ ಒಳಗೋಡೆಯಾದ ಬೀಡುಕಬ್ಬಿಣದ ಲೈನರಿಗೂ ಪಿಸ್ಟನ್ ರಿಂಗಿಗೂ ತುಕ್ಕು ಹಿಡಿದು ಎರಡೂ ಕಚ್ಚಿಕೊಳ್ಳುತ್ತವೆ. ಒಂದು ವರ್ಷ ಮೇ ತಿಂಗಳಲ್ಲಿ ಸ್ಟಾರ್ಟರಿನ ಹಗ್ಗ ಎಳೆದರೆ ಅಲ್ಲಾಡಲೇ ಇಲ್ಲ.

"ಇದು ಇನ್ನು ಆಗ್ಲಿಕ್ಕಿಲ್ಲ ಮಾರಾಯ್ರೆ, ಹೊಸತು ತೆಗೊಳ್ಳಿ" ಅಂದರು ಅಂಗಡಿಯವರು. ಬಿಚ್ಚಿಯೂ ನೋಡಲಿಲ್ಲ. ಮಳೆ ಎದುರಿಗಿರುವಾಗ ಎಷ್ಟೋ ಜನ ಈ ಮಾತಿಗೇ ದುಡ್ಡು ಬಿಚ್ಚುತ್ತಾರೆ.

ಮನೆಗೆ ತಂದು ಮೊದಲು ಬೆಲ್ಟ್ ಕಳಚಿದೆ, ಜಾಮ್ ಆದದ್ದು ಪಂಪೂ ಇರಬಹುದಲ್ವಾ? ಮೈಲುತುತ್ತಿನ ನೀರು ಅದನ್ನೂ ಬಿಡುವುದಿಲ್ಲ. ಪಂಪು ಸಲೀಸಾಗಿ ತಿರುಗಿತು. ಆಮೇಲೆ ಹಗ್ಗದ ಸ್ಟಾರ್ಟರ್ ಬಿಚ್ಚಿದೆ, ಅದೂ ಸರಿ. ಸ್ಪಾರ್ಕ್ ಪ್ಲಗ್ ತೆಗೆದೆ. ಸಿಲಿಂಡರಿನಲ್ಲಿ ನೀರೋ ಪೆಟ್ರೋಲೋ ತುಂಬಿದ್ದರೆ ಇಲ್ಲೇ ಬಿಡುಗಡೆ ಆಗುತ್ತದೆ. ಆಗಲಿಲ್ಲ, ಅಂದರೆ ತುಕ್ಕು.

ಪ್ಲಗ್ಗಿನ ತೂತಿನಿಂದ ಡೀಸೆಲ್ ಮತ್ತು ಗೇರ್ ಆಯಿಲ್ ಬೆರೆಸಿ ಹೊಯ್ದು, ಪಿಸ್ಟನ್ನಿನ ಸುತ್ತಲೂ ಇಳಿಯಲಿ ಎಂದು ಎಂಜಿನನ್ನು ಆಗಾಗ ಓರೆ ಮಾಡಿಟ್ಟೆ. ಇಲ್ಲಿ ಬೇಕಾದದ್ದು ತಾಳ್ಮೆ, ತೋಳ್ಬಲ ಅಲ್ಲ. ದಿನಾ ಸ್ವಲ್ಪ ಎಣ್ಣೆ, ಆಮೇಲೆ ಎಂಜಿನ್ ಜೊತೆ ತಿರುಗುವ ಚಕ್ರ, ಅಂದರೆ ಫ್ಲೈವೀಲಿನ ನಟ್ಟಿಗೆ ಸಾಕೆಟ್ ಹಾಕಿ ಬಿಗಿಯಾಗುವ ದಿಕ್ಕಿಗೆ ಮೆಲ್ಲನೆ ಒತ್ತುವುದು, ಬಿಡುವುದು. ಸುತ್ತಿಗೆ ಬೇಡವೇ ಬೇಡ, ಫ್ಲೈವೀಲಿನ ರೆಕ್ಕೆ ಮುರಿಯುತ್ತದೆ. ಹಗ್ಗವನ್ನು ಜೀಪಿಗೆ ಕಟ್ಟಿ ಎಳೆಯಲು ಹೊರಡುವ ಶೂರರೂ ಇದ್ದಾರೆ! ಒಳಗೆ ಪಿಸ್ಟನ್ನಿಗೆ ಜೋಡಿಸಿದ ಕನೆಕ್ಟಿಂಗ್ ರಾಡ್ ಅಲ್ಯೂಮಿನಿಯಂ, ತುಂಡಾದರೆ ಕಥೆ ಮುಗಿಯಿತು. ಒಂದು ಸಂಜೆ ಕೂದಲೆಳೆಯಷ್ಟು ಅಲುಗಿತು. ಮತ್ತೆ ಹಿಂದೆ, ಮುಂದೆ. ಪೂರ್ತಿ ಸುತ್ತು ಬಂದಾಗ ಕಂದು ಬಣ್ಣದ ಎಣ್ಣೆ ತೂತಿನಿಂದ ಚಿಮ್ಮಿತು. ಆ ತೂತಿಗೆ ಬಟ್ಟೆ ಮುಚ್ಚಿರಬೇಕು, ಮುಖ ಎದುರಿಗೆ ಇಡಬಾರದು.

ಹೊಯ್ದ ಡೀಸೆಲ್ ಕೆಳಗಿನ ಆಯಿಲಿಗೂ ಇಳಿದಿರುತ್ತದೆ. ಹಾಗಾಗಿ ಆಯಿಲ್ ಬದಲಿಸದೆ ಸ್ಟಾರ್ಟ್ ಮಾಡಬಾರದು. ಹಿಡಿಯುವುದು ಬರೀ ಅರ್ಧ ಲೀಟರಿಗಿಂತ ಸ್ವಲ್ಪ ಜಾಸ್ತಿ. ಕಾರ್ಬ್ಯುರೇಟರಿನ ಹಳೇ ಪೆಟ್ರೋಲನ್ನೂ ಚೆಲ್ಲಬೇಕು. ಈಗಿನದರಲ್ಲಿ 20% ತನಕ ಎಥನಾಲ್, ನೀರು ಎಳೆದುಕೊಳ್ಳುತ್ತದೆ. ಮೊದಲು ಬಿಳಿ ಹೊಗೆಯೋ ಹೊಗೆ. ಆಮೇಲೆ ಸರಿಹೋಯಿತು. ಈಗ ಮೊದಲಿಗಿಂತ ಆಯಿಲ್ ಸ್ವಲ್ಪ ಕುಡಿಯುತ್ತದೆ, ಪಂಪಿನ ಒತ್ತಡ ಮಾತ್ರ ಕಡಿಮೆಯಾಗಿಲ್ಲ.

ಮೂಲೆಗೆ ಇಡುವ ಮುಂಚೆ ಪ್ಲಗ್ ತೆಗೆದು ಒಂದು ಚಮಚ ಆಯಿಲ್ ಹಾಕಿ, ಹಗ್ಗವನ್ನು ಕೆಲವು ಸಲ ಎಳೆದು ಪ್ಲಗ್ ಕೂರಿಸಿ. ಮತ್ತೆ ಬಿಗಿ ಬರುವವರೆಗೆ ಮೆಲ್ಲನೆ ಎಳೆದು ಅಲ್ಲೇ ಬಿಡಿ. ಎರಡೂ ವಾಲ್ವ್ ಮುಚ್ಚಿರುತ್ತವೆ. ಮಾರುವವರು ಇದನ್ನು ಹೇಳುವುದಿಲ್ಲ.

ಗುಜರಿಯಲ್ಲಿ ಇಂಥದ್ದು ಜಾಮ್ ಆಗಿ ಬಿದ್ದಿದ್ದರೆ ಮೊದಲು ಆಯಿಲ್ ಕಡ್ಡಿ ತೆಗೆದು ನೋಡಿ. ಆಯಿಲ್ ಸರಿಯಾಗಿದ್ದರೆ ಬಹುಶಃ ತುಕ್ಕು ಅಷ್ಟೇ, ಚೌಕಾಸಿ ಮಾಡಿ ತನ್ನಿ. ಕಡ್ಡಿ ಒಣಗಿದ್ದರೆ ಆಯಿಲ್ ಇಲ್ಲದೆ ಓಡಿ ಸತ್ತದ್ದಿರಬಹುದು, ಅದನ್ನು ಅಲ್ಲೇ ಬಿಡಿ.