ಥಿಂಕ್‌ಸೆಂಟರ್ ಎಂ720ಕ್ಯೂ: ಮಲೆನಾಡಿನ ಮನೆ ಸ್ಟುಡಿಯೋದಲ್ಲಿ ಎರಡು ಮಳೆಗಾಲ ಕಳೆದ ಮೇಲೆ

ಮನೆಯಲ್ಲೇ ಹಾಡು ರೆಕಾರ್ಡ್ ಮಾಡಬೇಕು, ಇರೋ ಕಂಪ್ಯೂಟರ್ ಏದುಸಿರು ಬಿಡ್ತಿದೆ, ಹೊಸದಕ್ಕೆ ಅರವತ್ತು ಎಪ್ಪತ್ತು ಸಾವಿರ ಹಾಕುವ ಸ್ಥಿತಿ ಇಲ್ಲ. ಹೀಗಂತ ಕೇಳುವ ಗೆಳೆಯರಿಗೆಲ್ಲ ನಾನು ಹೇಳುವುದು ಒಂದೇ. ದೊಡ್ಡ ಕಂಪನಿಗಳು ಬಳಸಿ ಬಿಟ್ಟ ಚಿಕ್ಕ ಆಫೀಸ್ ಡೆಸ್ಕ್‌ಟಾಪ್ ತಗೊಳ್ಳಿ. ಉಳಿದ ದುಡ್ಡನ್ನು ಎಸ್‌ಎಸ್‌ಡಿ (ತಿರುಗುವ ಭಾಗವಿಲ್ಲದ ವೇಗದ ಡಿಸ್ಕ್), ರ‍್ಯಾಮ್, ಒಳ್ಳೆ ಇನ್ವರ್ಟರಿಗೆ ಹಾಕಿ. ನನ್ನ ಹತ್ತಿರ ಇರುವುದು ಲೆನೊವೊ ಥಿಂಕ್‌ಸೆಂಟರ್ ಎಂ720ಕ್ಯೂ. 2018ರ ಮಾಡೆಲ್. ಎರಡು ಮಳೆಗಾಲ ಇದರಲ್ಲೇ ಕೆಲಸ ಮಾಡಿದ ಮೇಲೆ ಬರೆಯುತ್ತಿದ್ದೇನೆ.

ನಮ್ಮ ಮನೆ ಮೇಗರವಳ್ಳಿ ಹತ್ತಿರ, ತೀರ್ಥಹಳ್ಳಿಯಿಂದ ಆಗುಂಬೆಗೆ ಹೋಗುವ ದಾರಿಯಲ್ಲಿ. ಮಹಡಿಯ ಒಂದು ಕೋಣೆಯೇ ಸ್ಟುಡಿಯೋ. ಯಕ್ಷಗಾನದ ಪದ, ಭಜನೆ, ಭಾವಗೀತೆ, ಶಾಲೆ ವಾರ್ಷಿಕೋತ್ಸವಕ್ಕೆ ಮಕ್ಕಳ ಹಾಡು, ಹೀಗೆ ಸುತ್ತಮುತ್ತಲ ಊರಿನವರ ಕೆಲಸ. ಫೋಕಸ್‌ರೈಟ್ ಸ್ಕಾರ್ಲೆಟ್ 2ಐ2 ಇಂಟರ್ಫೇಸ್ (ಮೈಕಿನ ದನಿಯನ್ನು ಕಂಪ್ಯೂಟರಿಗೆ ಕೊಡುವ ಪೆಟ್ಟಿಗೆ), ಒಂದು ಕಂಡೆನ್ಸರ್ ಮೈಕ್, ಒಂದು ಡೈನಾಮಿಕ್ ಮೈಕ್, ರೆಕಾರ್ಡಿಂಗ್ ಮಿಕ್ಸಿಂಗಿಗೆ ರೀಪರ್ ಸಾಫ್ಟ್‌ವೇರ್. ರೀಪರ್ ಬಗ್ಗೆ ಒಂದು ಮಾತು ಹೇಳಲೇಬೇಕು. ಇನ್‌ಸ್ಟಾಲ್ ಫೈಲ್ ತೀರಾ ಚಿಕ್ಕದು, ನಮ್ಮೂರಿನ ನೆಟ್‌ವರ್ಕಿನಲ್ಲೂ ಬೇಗ ಇಳಿಯುತ್ತದೆ. 60 ದಿನ ಪೂರ್ತಿಯಾಗಿ ಬಳಸಿ ನೋಡಬಹುದು. ಮನೆ ಬಳಕೆಯ ಲೈಸೆನ್ಸ್ 60 ಡಾಲರ್. ಹಳೆ ಮೆಷಿನ್ ಮೇಲೂ ಹಗುರಾಗಿ ಓಡುತ್ತದೆ.

ಇದಕ್ಕೂ ಮೊದಲು ಇದ್ದದ್ದು ನಾಲ್ಕನೇ ತಲೆಮಾರಿನ ಐ3, 4 ಜಿಬಿ ರ‍್ಯಾಮ್, ತಿರುಗುವ ಹಾರ್ಡ್ ಡಿಸ್ಕ್. ಎರಡು ಮೈಕ್ ರೆಕಾರ್ಡ್ ಮಾಡೋಕೆ ಹಾರ್ಡ್ ಡಿಸ್ಕ್ ಸಾಕು, ಅದರಲ್ಲಿ ಅನುಮಾನ ಬೇಡ. 24 ಬಿಟ್, 48 ಕಿಲೋಹರ್ಟ್ಸ್‌ನಲ್ಲಿ ಒಂದು ಮೈಕಿನ ಒಂದು ನಿಮಿಷದ ಧ್ವನಿ ಸುಮಾರು 8.6 ಎಂಬಿ. ಎರಡು ಮೈಕಿನ ಒಂದು ತಾಸಿನ ಕೆಲಸ ಹೆಚ್ಚುಕಡಿಮೆ 1 ಜಿಬಿ. ಇಷ್ಟನ್ನು ಎಂಥ ಹಳೆ ಡಿಸ್ಕ್ ಆದರೂ ಬರೆದುಕೊಳ್ಳುತ್ತದೆ. ಕಷ್ಟ ಇದ್ದದ್ದು ಬೇರೆ ಕಡೆ. ತಂಬೂರ, ತಬಲಾ, ಸ್ಟ್ರಿಂಗ್ಸ್ ಸ್ಯಾಂಪಲ್‌ಗಳನ್ನು (ಮೊದಲೇ ರೆಕಾರ್ಡ್ ಮಾಡಿಟ್ಟ ವಾದ್ಯದ ಸದ್ದು) ತೆರೆದರೆ ರ‍್ಯಾಮ್ ತುಂಬಿ, ಎಲ್ಲವೂ ಡಿಸ್ಕಿಗೆ ಹೋಗಿ ಬಂದು ಮಾಡುತ್ತಿತ್ತು. ಹಾಡುವವರು ಕಾಯುತ್ತಾ ಕೂರಬೇಕು. ಚಟ್ ಚಟ್ ಸದ್ದು ಬರಬಾರದು ಅಂದರೆ ಬಫರ್ 1024ಕ್ಕೆ ಏರಿಸಬೇಕು.

ಈ ಬಫರ್ ವಿಷಯ ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಯಾವ ಕಂಪ್ಯೂಟರ್ ಬೇಕು ಅನ್ನುವುದನ್ನು ನಿರ್ಧರಿಸುವುದು ಇದೇ. ಧ್ವನಿಯನ್ನು ಕಂಪ್ಯೂಟರ್ ತುಂಡು ತುಂಡಾಗಿ ತೆಗೆದುಕೊಳ್ಳುತ್ತದೆ, ಆ ತುಂಡಿನ ಗಾತ್ರವೇ ಬಫರ್. ಸೆಕೆಂಡಿಗೆ 48,000 ಸ್ಯಾಂಪಲ್ (ಇಲ್ಲಿ ಧ್ವನಿಯ ಒಂದೊಂದು ಅಳತೆ) ಇರುವಾಗ 1024ರ ಒಂದು ತುಂಡು ಅಂದರೆ 21 ಮಿಲಿಸೆಕೆಂಡ್. ಒಳಗೆ ಬರೋಕೆ ಒಮ್ಮೆ, ಹೆಡ್‌ಫೋನಿಗೆ ಹೊರಡೋಕೆ ಇನ್ನೊಮ್ಮೆ. ಅಲ್ಲಿಗೇ 40 ದಾಟಿತು. ಗಾಳಿಯಲ್ಲಿ ಸದ್ದು ಮಿಲಿಸೆಕೆಂಡಿಗೆ ಸುಮಾರು 34 ಸೆಂಟಿಮೀಟರ್ ಹೋಗುತ್ತದೆ. ಆ ಲೆಕ್ಕದಲ್ಲಿ, ಹಾಡುವವರಿಗೆ ತಮ್ಮದೇ ದನಿ ಹದಿನಾಲ್ಕು ಮೀಟರ್ ಆಚೆಯಿಂದ ಬಂದ ಹಾಗಾಗುತ್ತದೆ.

ನಮ್ಮ ಕಡೆಯ ಒಬ್ಬ ಹಿರಿಯ ಭಾಗವತರು ಹೆಡ್‌ಫೋನ್ ಹಾಕಿ ಪದ ಎತ್ತಿದವರು ಎರಡನೇ ಸಾಲಿಗೇ ನಿಲ್ಲಿಸಿದರು. "ತಮ್ಮಾ, ನಾನು ಎತ್ತಿದ ಮೇಲೆ ಕಿವಿಯೊಳಗೆ ಇನ್ನೊಬ್ಬ ಎತ್ತುತ್ತಾನಲ್ಲೋ. ತಾಳ ಹಾಕೂದು ಹ್ಯಾಂಗೆ?" ಅಂದರು. ಅವರ ಕೈಯಲ್ಲಿ ಜಾಗಟೆ ಹಾಗೇ ನಿಂತಿತ್ತು. ಮದ್ದಳೆಯವರಂತೂ ಹೆಡ್‌ಫೋನ್ ತೆಗೆದೇ ಇಟ್ಟರು. ಪ್ರತಿ ಪೆಟ್ಟೂ ಎರಡೆರಡು ಸಲ ಕೇಳಿದರೆ ಯಾರಿಗೆ ನುಡಿಸೋಕಾಗುತ್ತದೆ ಹೇಳಿ? ಇಂಟರ್ಫೇಸಿನಲ್ಲಿ ಡೈರೆಕ್ಟ್ ಮಾನಿಟರ್ ಗುಂಡಿ ಇದೆ, ಒತ್ತಿದರೆ ದನಿ ತಡವಿಲ್ಲದೆ ಕೇಳುತ್ತದೆ ನಿಜ. ಆದರೆ ಅದು ಬರಿಯ ದನಿ. ರಂಗಸ್ಥಳದ ಮೈಕಿಗೆ, ಎಕೋಗೆ ಒಗ್ಗಿದವರಿಗೆ ಕಿವಿಯಲ್ಲಿ ಸ್ವಲ್ಪ ರಿವರ್ಬ್ (ಮರುದನಿಯ ಗುಂಗು) ಇಲ್ಲದಿದ್ದರೆ ಕಂಠ ಬಿಚ್ಚಿಕೊಳ್ಳುವುದೇ ಇಲ್ಲ. ರಿವರ್ಬ್ ಹಾಕಿ ಕೇಳಿಸಬೇಕಾದರೆ ಬಫರ್ ಇಳಿಸಲೇಬೇಕು. ಬಫರ್ ಇಳಿಸಿದರೆ ಪ್ರತಿ ತುಂಡನ್ನೂ ಬೇಗ ಮುಗಿಸಬೇಕು, ಅದಕ್ಕೆ ಪ್ರೊಸೆಸರ್‌ಗೆ ದಮ್ ಬೇಕು.

ಎಂ720ಕ್ಯೂ ಬಂದ ಮೇಲೆ ಭಾಗವತರ ಕೆಲಸವೆಲ್ಲ 128ರ ಬಫರ್‌ನಲ್ಲೇ ನಡೆಯುತ್ತಿದೆ. ಒಂದು ಕಡೆಗೆ 2.7 ಮಿಲಿಸೆಕೆಂಡ್. ಇಂಟರ್ಫೇಸ್ ಮತ್ತು ಡ್ರೈವರ್ ತೆಗೆದುಕೊಳ್ಳುವ ಹೊತ್ತನ್ನೂ ಸೇರಿಸಿದರೆ ಹೋಗಿ ಬರೋಕೆ ಹತ್ತರ ಆಸುಪಾಸು. ಅದೇ ಭಾಗವತರು ಈಗ ಹೆಡ್‌ಫೋನಿನ ಬಗ್ಗೆ ಮಾತೇ ಎತ್ತುವುದಿಲ್ಲ, ನೇರ ಪದ ಶುರು ಮಾಡುತ್ತಾರೆ. ಮಿಕ್ಸಿಂಗಿಗೆ ಕೂತಾಗ ಮಾತ್ರ 1024ಕ್ಕೆ ಏರಿಸಿಕೊಳ್ಳುತ್ತೇನೆ. ಆಗ ತಡವಾದರೆ ಯಾರಿಗೂ ತೊಂದರೆ ಇಲ್ಲ.

ಈಗ ಕೊಳ್ಳುವ ವಿಷಯ. ನನ್ನದರಲ್ಲಿರುವುದು ಐ5-8500ಟಿ ಪ್ರೊಸೆಸರ್. ಈ ಹೆಸರನ್ನು ಓದೋದು ಕಲಿತರೆ ಅಂಗಡಿಯಲ್ಲಿ ಅರ್ಧ ಕೆಲಸ ಮುಗಿದ ಹಾಗೇ. ಐ5 ಆದಮೇಲೆ ಬರುವ ಮೊದಲ ಅಂಕಿ 8 ಇರಲಿ. 6 ಅಥವಾ 7 ಅಂತಿದ್ದರೆ ಡೆಸ್ಕ್‌ಟಾಪ್ ಐ5ನಲ್ಲಿ ನಾಲ್ಕೇ ಕೋರ್. ಎಂಟನೇ ತಲೆಮಾರಿನಿಂದ ಆರು ಕೋರ್ ಬಂತು. ಇನ್ನೊಂದು ಕಾರಣವೂ ಇದೆ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11 ಅಧಿಕೃತವಾಗಿ ಬೇಕೆಂದರೆ ಇಂಟೆಲ್‌ನಲ್ಲಿ ಎಂಟನೇ ತಲೆಮಾರು ಅಥವಾ ಅದಕ್ಕಿಂತ ಹೊಸದು ಬೇಕು. ಆರು, ಏಳನೇ ತಲೆಮಾರಿನ ಮೆಷಿನ್‌ಗಳು ಅಗ್ಗಕ್ಕೆ ಸಿಗುತ್ತವೆ ಅಂತ ಆಸೆಪಡಬೇಡಿ. ಎರಡು ಮೂರು ಸಾವಿರ ಉಳಿಸಿ ಆಮೇಲೆ ಪರದಾಡೋದು ಬೇಡ. ಕೊನೆಯಲ್ಲಿರುವ ಟಿ ಅಂದರೆ 35 ವ್ಯಾಟಿನ ಚಿಪ್. ಟಿ ಇಲ್ಲದ 8500 ಆದರೆ 65 ವ್ಯಾಟ್. ಟಿ ಸ್ವಲ್ಪ ನಿಧಾನ, ಆದರೆ ನಮ್ಮ ಊರಿಗೆ ಅದೇ ಸರಿ. ಯಾಕೆ ಅಂತ ಮುಂದೆ ಹೇಳುತ್ತೇನೆ.

ಇದೇ ಗಾತ್ರದಲ್ಲಿ ಡೆಲ್‌ನ ಆಪ್ಟಿಪ್ಲೆಕ್ಸ್ ಮೈಕ್ರೋ, ಎಚ್‌ಪಿಯ ಎಲೀಟ್‌ಡೆಸ್ಕ್ ಮಿನಿ ಕೂಡ ಬರುತ್ತವೆ. ಮೂರರಲ್ಲಿ ಯಾವುದು ಒಳ್ಳೆ ಸ್ಥಿತಿಯಲ್ಲಿ ಸಿಕ್ಕರೂ ಕಣ್ಣು ಮುಚ್ಚಿ ತಗೊಳ್ಳಬಹುದು. ನಾನು ತಂದದ್ದು ಬೆಂಗಳೂರಿನ ಎಸ್‌ಪಿ ರೋಡಿನಿಂದ. 8 ಜಿಬಿ ರ‍್ಯಾಮ್, 256 ಜಿಬಿ ಎಸ್‌ಎಸ್‌ಡಿ ಸೇರಿ ಹದಿನೈದು ಸಾವಿರದೊಳಗೆ ಬಂತು. ಅಂಗಡಿಯವರು ಹಾಕಿಕೊಟ್ಟ ಎಸ್‌ಎಸ್‌ಡಿ ಹೆಸರೇ ಕೇಳಿರದ್ದು, ಒಂದು ಮಳೆಗಾಲಕ್ಕೇ ಕೈಕೊಟ್ಟಿತು. ಬೇರೆ ಕಡೆ ಪ್ರತಿ ಇದ್ದದ್ದರಿಂದ ಯಾರ ಹಾಡೂ ಹೋಗಲಿಲ್ಲ. ಹಾಗಾಗಿ ಡಿಸ್ಕ್ ಮಾತ್ರ ಹೊಸದು, ಒಳ್ಳೆ ಕಂಪನಿಯದು, ಬಿಲ್ ಸಮೇತ ತಗೊಳ್ಳಿ. ಹಳೆಯದನ್ನೇ ಇಟ್ಟುಕೊಳ್ಳುವುದಾದರೆ ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಅನ್ನುವ ಸಾಫ್ಟ್‌ವೇರ್ ಹಾಕಿ ಡಿಸ್ಕಿನ ಆರೋಗ್ಯ ನೋಡಿಕೊಳ್ಳಿ.

ಅಂಗಡಿಯಲ್ಲಿ ನಿಂತಾಗಲೇ ಆನ್ ಮಾಡಿಸಿ, ಎಫ್1 ಒತ್ತಿ ಬಯೋಸ್ (ವಿಂಡೋಸಿಗೂ ಮೊದಲು ಬರುವ ಸೆಟ್ಟಿಂಗ್ ಪುಟ) ಒಳಗೆ ಹೋಗಿ. ಪಾಸ್‌ವರ್ಡ್ ಕೇಳಿದರೆ ಆ ಮೆಷಿನ್ ಬೇಡ. ಆಫೀಸಿನವರು ಹಾಕಿದ ಬೀಗ ಅದು, ತೆಗೆಸೋದು ದೊಡ್ಡ ತಲೆನೋವು. ಅಡಾಪ್ಟರ್ ಅದೇ ಮೆಷಿನ್ನಿನ ಅಸಲಿಯೇ ಅಂತಲೂ ನೋಡಿ. ನಕಲಿ ಅಡಾಪ್ಟರ್ ಮೊದಲು ತೋರಿಸುವ ಗುಣವೇ ಹೆಡ್‌ಫೋನಿನಲ್ಲಿ ಗುಂಯ್‌ಗುಡುವುದು.

ರ‍್ಯಾಮ್ 16 ಜಿಬಿ ಮಾಡಿಸಿದೆ. ಲ್ಯಾಪ್‌ಟಾಪಿನ ಡಿಡಿಆರ್4 ಕಡ್ಡಿಯೇ ಇದಕ್ಕೂ ಆಗುತ್ತದೆ, ಎರಡು ಜಾಗ ಇದೆ. ಹಿಂದಿನ ಒಂದು ಸ್ಕ್ರೂ ಬಿಚ್ಚಿದರೆ ಮುಚ್ಚಳ ಜಾರಿ ಬರುತ್ತದೆ. ಗ್ರಾಫಿಕ್ಸ್ ಕಾರ್ಡ್ ಬೇಕಾ ಅಂತ ಬಹಳ ಜನ ಕೇಳ್ತಾರೆ. ಹಾಡಿನ ಕೆಲಸಕ್ಕೆ ಖಂಡಿತ ಬೇಡ. ಅದು ತರೋದು ಬಿಸಿ, ಫ್ಯಾನಿನ ಸದ್ದು ಮತ್ತು ಕರೆಂಟ್ ಖರ್ಚು.

ಕರೆಂಟ್ ವಿಷಯಕ್ಕೇ ಬರೋಣ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರ್ ದಾಟಿ ಮಳೆ ಸುರಿಯುತ್ತದೆ. ಆರಿದ್ರೆ, ಪುನರ್ವಸು ಮಳೆ ಹಿಡಿದರೆ ಎಲ್ಲಾದರೂ ಮರ ಬೀಳುತ್ತದೆ, ತಂತಿ ಹರಿಯುತ್ತದೆ. ಲೈನ್‌ಮನ್‌ಗಳು ಆ ಮಳೆಯಲ್ಲೇ ಕಂಬ ಹತ್ತಿ ಜೋಡಿಸುವವರೆಗೆ ಇನ್ವರ್ಟರೇ ಗತಿ. ಹೆಂಚಿನ ಮೇಲೆ ಮಳೆ ಹೊಡೆಯುವಾಗ ದನಿ ರೆಕಾರ್ಡ್ ಮಾಡೋಕೆ ಆಗುವುದಿಲ್ಲ, ಹಾಗಾಗಿ ಮಿಕ್ಸಿಂಗ್, ಎಡಿಟಿಂಗ್ ಎಲ್ಲ ಮಳೆಗಾಲದ ಕೆಲಸ. ಅಂದರೆ ಕರೆಂಟ್ ಇಲ್ಲದ ದಿನಗಳಲ್ಲೇ ಕಂಪ್ಯೂಟರ್ ಜಾಸ್ತಿ ಹೊತ್ತು ಓಡಬೇಕು. ಈ ಮೆಷಿನ್, ಮಾನಿಟರ್, ಇಂಟರ್ಫೇಸ್ ಮೂರೂ ಸೇರಿ ಮೀಟರ್ ಇಟ್ಟು ನೋಡಿದರೆ ಸಾಮಾನ್ಯ ಕೆಲಸದಲ್ಲಿ 50 ವ್ಯಾಟ್ ಸುತ್ತಮುತ್ತ. ಮನೆಯ 150 ಎಎಚ್ ಬ್ಯಾಟರಿಯಲ್ಲಿ ದೀಪ, ಫ್ಯಾನ್ ಜೊತೆಗೆ ಇಡೀ ಸಂಜೆ ನಿಶ್ಚಿಂತೆ. ಗೇಮಿಂಗ್ ಟವರ್ ತಂದಿದ್ದರೆ ಇದು ಸಾಧ್ಯವೇ ಇರಲಿಲ್ಲ. ಟಿ ಚಿಪ್ ಬೇಕು ಅಂದದ್ದು ಇದಕ್ಕೇ.

ಇನ್ವರ್ಟರ್ ಸೈನ್ ವೇವ್ ಆಗಿರಲಿ. ಸ್ಕ್ವೇರ್ ವೇವ್ ಆದರೆ ಕಂಪ್ಯೂಟರ್ ಓಡುತ್ತದೆ, ಆದರೆ ಸ್ಪೀಕರಿನಲ್ಲಿ ಝುಂಯ್ ಅಂತ ಸದ್ದು ಸೇರಿಕೊಳ್ಳುತ್ತದೆ. ಸುಮಾರು ಇನ್ವರ್ಟರ್‌ಗಳ ಹಿಂದೆ ಯುಪಿಎಸ್ ಮೋಡ್ ಅಂತ ಒಂದು ಸ್ವಿಚ್ ಇರುತ್ತದೆ, ಅದನ್ನು ಹಾಕಿ. ಕರೆಂಟ್ ಹೋದಾಗ ಬ್ಯಾಟರಿಗೆ ಬೇಗ ಬದಲಾಗುತ್ತದೆ, ಕಂಪ್ಯೂಟರ್ ರೀಸ್ಟಾರ್ಟ್ ಆಗುವುದಿಲ್ಲ. ಬೇಸಿಗೆಯಲ್ಲಿ ಇದ್ದಕ್ಕಿದ್ದಂತೆ ಹಮ್ ಬರೋಕೆ ಶುರುವಾದರೆ ಕಂಪ್ಯೂಟರನ್ನು ಬೈಯುವ ಮೊದಲು ಅರ್ತಿಂಗ್ ಗುಂಡಿಗೆ ಎರಡು ಕೊಡ ನೀರು ಹಾಕಿ ನೋಡಿ. ಮಣ್ಣು ಒಣಗಿದರೆ ಅರ್ತ್ ಸರಿಯಾಗಿ ಹಿಡಿಯುವುದಿಲ್ಲ. ನಮ್ಮಲ್ಲಿ ಏಪ್ರಿಲ್ ಬಂತೆಂದರೆ ಇದು ರೂಢಿಯ ಕೆಲಸ. ಅದೇ ಹೊತ್ತಿಗೆ ಗುಡುಗು ಸಿಡಿಲೂ ಶುರು. ದೂರದಲ್ಲಿ ಗುಡುಗಿದ ತಕ್ಷಣ ಪ್ಲಗ್ ಕಿತ್ತಿಡಿ, ಇಂಟರ್ನೆಟ್ ವೈರನ್ನೂ.

ಫ್ಯಾನ್ ಸದ್ದಿನ ಬಗ್ಗೆ. ಆಫೀಸಿನಲ್ಲಿ ಐದಾರು ವರ್ಷ ಓಡಿ ಬಂದ ಮೆಷಿನ್, ಒಳಗೆ ಧೂಳು ಗಟ್ಟಿಯಾಗಿ ಕೂತಿತ್ತು, ಪ್ರೊಸೆಸರಿನ ಬಿಸಿ ಸಾಗಿಸುವ ಥರ್ಮಲ್ ಪೇಸ್ಟ್ ಒಣಗಿತ್ತು. ಬಂದ ವಾರವೇ ಶುಚಿ ಮಾಡಿ ಹೊಸ ಪೇಸ್ಟ್ ಹಚ್ಚಿದೆ. ರೆಕಾರ್ಡಿಂಗ್ ಹೊತ್ತಿನಲ್ಲಿ ಫ್ಯಾನ್ ಕಿವಿಗೆ ಬೀಳುವುದಿಲ್ಲ. ಮಿಕ್ಸಿಂಗಿನಲ್ಲಿ ಪ್ಲಗ್‌ಇನ್ (ರಿವರ್ಬಿನಂಥ ಎಫೆಕ್ಟ್‌ಗಳು) ಜಾಸ್ತಿಯಾದಾಗ ಸುಂಯ್ ಅನ್ನುತ್ತದೆ, ಆಗ ಮೈಕ್ ಆನ್ ಇರುವುದಿಲ್ಲವಲ್ಲ. ಮೆಷಿನ್ 18 ಸೆಂಟಿಮೀಟರ್ ಚೌಕ, ಮೂರೂವರೆ ಸೆಂಟಿಮೀಟರ್ ದಪ್ಪ ಅಷ್ಟೇ. ಹಾಗಾಗಿ ಮೇಜಿನ ಕೆಳಗೆ, ಮೈಕಿಗೆ ಬೆನ್ನು ಮಾಡಿ ಇಟ್ಟಿದ್ದೇನೆ. ಗಾಳಿ ಹೋಗುವ ಜಾಲರಿಗೆ ಸೊಳ್ಳೆ ಪರದೆಯ ತುಂಡು ಕಟ್ಟಿದ್ದೇನೆ, ಇಲ್ಲದಿದ್ದರೆ ಮಳೆ ಹುಳ, ಇರುವೆ ಎಲ್ಲ ಒಳಗೆ. ಪರದೆಯನ್ನು ಆಗಾಗ ತೆಗೆದು ಕೊಡವಬೇಕು. ಆಷಾಢದಲ್ಲಿ ಕೆಲಸ ಇಲ್ಲದಿದ್ದರೂ ದಿನಾ ಸ್ವಲ್ಪ ಹೊತ್ತು ಆನ್ ಮಾಡಿಡುತ್ತೇನೆ, ಒಳಗೆ ಬೆಚ್ಚಗಾಗಿ ಥಂಡಿ ಹಿಡಿಯುವುದಿಲ್ಲ. ಮೈಕ್ ಮಾತ್ರ ಸಿಲಿಕಾ ಜೆಲ್ ಹಾಕಿದ ಬಿಗಿ ಡಬ್ಬಿಯಲ್ಲಿ. ಹೊರಗಿಟ್ಟರೆ ಬೂಷ್ಟು ಗ್ಯಾರಂಟಿ.

ವಿಂಡೋಸಿನಲ್ಲಿ ಮಾಡಿಕೊಂಡ ಬದಲಾವಣೆ ಸ್ವಲ್ಪವೇ. ಪವರ್ ಪ್ಲಾನ್ ಹೈ ಪರ್ಫಾರ್ಮೆನ್ಸ್. ರೆಕಾರ್ಡಿಂಗ್ ಹೊತ್ತಿಗೆ ವೈಫೈ ಆಫ್. ಹಾಗೆ ಮಾಡುವ ಮೊದಲು ಆಗಾಗ ಟಿಕ್ ಅನ್ನುತ್ತಿತ್ತು. ತಡ ಎಲ್ಲಿ ಆಗುತ್ತಿದೆ ಅಂತ ತೋರಿಸುವ ಲೇಟೆನ್ಸಿಮಾನ್ ಸಾಫ್ಟ್‌ವೇರ್ ಹಾಕಿ ನೋಡಿದಾಗ ವೈಫೈ ಡ್ರೈವರ್ ಮೇಲೆಯೇ ಬೆರಳು ತೋರಿಸಿತು.

ಇದರ ಮಿತಿಯನ್ನೂ ಹೇಳಬೇಕು. ಹಾಡು, ಹಾರ್ಮೋನಿಯಂ, ಚಂಡೆ ಮದ್ದಳೆ, ನಾಲ್ಕಾರು ಸ್ಯಾಂಪಲ್ ವಾದ್ಯ, ದನಿ ತಿದ್ದುವ ಮಾಮೂಲಿ ಇಕ್ಯೂ, ಕಂಪ್ರೆಸರ್ ಇಷ್ಟಕ್ಕೆ ಆರಾಮ. ದೊಡ್ಡ ಆರ್ಕೆಸ್ಟ್ರಾ ಲೈಬ್ರರಿ, ಪ್ರತಿ ಟ್ರ್ಯಾಕಿಗೂ ಭಾರದ ರಿವರ್ಬ್ ಅಂತ ಹೋದರೆ ಟ್ರ್ಯಾಕ್‌ಗಳನ್ನು ಫ್ರೀಜ್ ಮಾಡಿಕೊಳ್ಳುತ್ತಾ (ಎಫೆಕ್ಟ್ ಸಮೇತ ಆಡಿಯೋ ಮಾಡಿಟ್ಟು ಪ್ರೊಸೆಸರ್ ಭಾರ ಇಳಿಸುತ್ತಾ) ಹೋಗಬೇಕು. ಸಿನಿಮಾ ಹಿನ್ನೆಲೆ ಸಂಗೀತ ಮಾಡುವವರಿಗೆ, ಜೊತೆಗೆ ವಿಡಿಯೋ ಎಡಿಟಿಂಗೂ ಬೇಕು ಅನ್ನುವವರಿಗೆ ನಾನು ಇದನ್ನು ಹೇಳುವುದಿಲ್ಲ. ಅವರು ಇನ್ನಷ್ಟು ದುಡ್ಡು ಕೂಡಿಸಿ 2024ರಲ್ಲಿ ಬಂದ ಎಂ4 ಮ್ಯಾಕ್ ಮಿನಿ ನೋಡಬಹುದು. ಬಂದಾಗ ಭಾರತದಲ್ಲಿ ಅದರ ಆರಂಭದ ಬೆಲೆ 59,900. ಅದೂ ಕರೆಂಟ್ ಕಡಿಮೆಯೇ ಕುಡಿಯುತ್ತದೆ, 16 ಜಿಬಿ ರ‍್ಯಾಮ್ ಮೊದಲೇ ಇದೆ. ಆದರೆ ಆಮೇಲೆ ರ‍್ಯಾಮ್ ಹೆಚ್ಚಿಸೋಕೆ ಬರುವುದಿಲ್ಲ, ಕೊಳ್ಳುವಾಗಲೇ ಯೋಚಿಸಬೇಕು.

ನನ್ನದರಲ್ಲಿ ಎನ್‌ವಿಎಂಇ ಎಸ್‌ಎಸ್‌ಡಿ ಅಲ್ಲದೆ ಎರಡೂವರೆ ಇಂಚಿನ ಡಿಸ್ಕಿಗೆ ಒಂದು ಜಾಗ ಖಾಲಿ ಇದೆ. ಭಾಗವತರ ಮನೆಯಲ್ಲಿ ಹಳೆ ತಾಳಮದ್ದಳೆಗಳ ಕ್ಯಾಸೆಟ್ ಒಂದು ಟ್ರಂಕ್ ತುಂಬ ಇವೆ. ಕೆಲವಕ್ಕೆ ಬೂಷ್ಟು ಹಿಡಿಯೋಕೆ ಶುರುವಾಗಿದೆ. ಬೇಸಿಗೆಯಲ್ಲಿ 1 ಟಿಬಿ ಡಿಸ್ಕ್ ಹಾಕಿಸಿ, ಒಂದೊಂದಾಗಿ ಕಂಪ್ಯೂಟರಿಗೆ ಇಳಿಸುವ ಕೆಲಸ ಹಿಡಿಯುತ್ತೇನೆ. ನಿಮ್ಮಲ್ಲಿ ಯಾರಿಗಾದರೂ ಹಳೆ ಕ್ಯಾಸೆಟ್ ಶುಚಿ ಮಾಡಿ ಗೊತ್ತಿದ್ದರೆ ದಯವಿಟ್ಟು ತಿಳಿಸಿ.